ಲಾಳಿ ಎಳದ ಬಾಯಿ

ಉಗುಳು ಅಂದ್ರ ನನಗ ಮೊದಲಿನಿಂದ ಆಗೂದಿಲ್ಲ. ಸಣ್ಣಾಕಿದ್ದಾಗ ಬಸ್‌ಸ್ಟ್ಯಾಂಡಿನ್ಯಾಗ ಯಾರರ ಕ್ಯಾಕರಿಸಿದ್ರ ಸಾಕು, ನಾ ತಿಂದಿದ್ದು ಮ್ಯಾಲ ಬರ್ತಿತ್ತು. ನಮ್ಮಪ್ಪಂದು ಬದಾಮ್ಯಾಗ ಚಾದಂಗಡಿ. ಅಂಗಡಿ ಮುಂದ ಎಲಿ ಅಡಿಕಿ ಉಗುಳಿದವರ ಜೋಡಿ ನಾ ಜಗಳಾ ತಗೀತಿದ್ದೆ, ಗಿರಾಕಿ ಹೋಗ್ತಾವು ಅಂತ ಅಪ್ಪ ನನ್ನ ಒಳಗ ಅಟ್ಟತಿದ್ದ. ಅಂಥಾಕೀನ್ನ ಒಯ್ದು ಇಳಕಲ್ಲಿನ ನೇಕಾರಗ ಕೊಟ್ಟ. ನೇಕಾರ ದಿನಾ ಪೂರ್ತಿ ಉಗುಳಾವ ಅಂತ ನನಗ ಲಗ್ನ ಆದಮ್ಯಾಲ ಗೊತ್ತಾತು. ಆವಾಗ ಗೊತ್ತಾಗಿ ಏನ್ ಮಾಡೂದೈತಿ.

ಗೊತ್ತಿಲ್ಲದವರಿಗೆ ಹೇಳ್ತೇನಿ ಕೇಳ್ರಿ. ಮಗ್ಗದಾಗ ಅಡ್ಡ ಎಳಿ ಒಯ್ಯೂದು ಲಾಳಿ. ಅದರ ಹೊಟ್ಟ್ಯಾಗ ನೂಲು ಸುತ್ತಿದ ಕಂಡಿಕಿ ಇರ್ತೈತಿ, ಬಾಜೂಕ ಒಂದು ಸಣ್ಣ ತೂತು. ಕಂಡಿಕಿ ತೀರಿದಾಗೊಮ್ಮೆ ಹೊಸಾದು ಹಾಕಿ, ಅದರ ಎಳಿ ತುದಿ ಆ ತೂತಿನ್ಯಾಗಿಂದ ಹೊರಗ ತರಬೇಕು. ಅದಕ್ಕ ಈಗ ತಂತಿ ಕೊಕ್ಕಿ ಬಂದಾವ, ಹುಡುಗ್ರೆಲ್ಲಾ ಅದರ ಮ್ಯಾಲ ಮಾಡ್ತಾರ. ನಮ್ಮ ಮನ್ಯಾವ್ರು, ಯಮನೂರಪ್ಪ, ಜಲ್ಮದಾಗ ಕೊಕ್ಕಿ ಮುಟ್ಟಿದವರಲ್ಲ. ಲಾಳಿ ಎತ್ತಿ ಬಾಯಿಗೆ ಹಚ್ಚಿ ಸುರ್ ಅಂತ ಒಂದ್ಸಲ ಎಳದ್ರ ಎಳಿ ತುದಿ ನಾಲಿಗಿ ಮ್ಯಾಲ ಬಂದು ಕೂಡ್ತೈತಿ. ಅದರ ಜೋಡಿ ಹತ್ತಿ ಧೂಳಾ, ಬಣ್ಣದ ಪುಡಿ, ಎಲ್ಲಾ ಬರ್ತಾವ. ಎಳಿ ಬೆರಳಲೆ ತಕ್ಕೊಂಡು ಉಳದದ್ದನ್ನ ಥೂ ಅಂತ ಬಾಜೂ ಗ್ವಾಡಿಗೆ ಉಗುಳೂದು. ಸುರ್, ಥೂ. ಅವರಪ್ಪನೂ ಹಂಗ ಮಾಡ್ತಿದ್ದ, ಇವರೂ ಹಂಗ ಕಲತ್ರು. ಎಳದದ್ದು ಒಂದು, ಉಗುಳಿದ್ದು ಒಂದು ಅಂತ ಇವರ ಬಾಯಿಗೆ ಗೊತ್ತ ಇಲ್ಲ, ಎರಡೂ ಕೂಡೇ ಒಂದ ಕೆಲಸಾ.

ಆ ಗ್ವಾಡಿ ತೊಳಿಯೂದು ನನ್ನ ಪಾಲಿಂದು. ಮಗ್ಗದ ಮ್ಯಾಲ ಕೆಂಪು ಸೀರಿ ಇದ್ರ ಉಗುಳು ಕೆಂಪು, ಹಸರ ಸೀರಿ ಇದ್ರ ಹಸರ. ಊರಾಗಿನ ಹೆಣ್ಮಕ್ಕಳು ಇಳಕಲ್ ಸೀರಿ ಉಟ್ಟು ಮೆರೀತಾರ, ನಾ ಮಾತ್ರ ಆ ಸೀರಿ ಬಣ್ಣಾ ಮೊದಲ ಗ್ವಾಡಿ ಮ್ಯಾಲ ನೋಡ್ತೇನಿ. ಮೂಗಿಗೆ ಸೆರಗು ಕಟಗೊಂಡು, ಮುಖಾ ಆಕಡೆ ಹೊಳ್ಳಿಸಿ, ತೆಂಗಿನ ನಾರಿನಿಂದ ತಿಕ್ಕೂದು. ಕೊಕ್ಕಿ ತರ್ಸ್ತೇನ್ರಿ ಅಂತ ಎಷ್ಟು ಸಲ ಹೇಳಿದೆ. 'ಕೊಕ್ಕಿ ಸಣ್ಣ ಹುಡುಗ್ರಿಗೆ' ಅಂತಿದ್ರು.

ಆಮ್ಯಾಲ ಕೆಮ್ಮು ಹತ್ತಿತು. ಮೊದಲು ಸೋಮವಾರಕ್ಕಷ್ಟ ಬರ್ತಿತ್ತು, ಒಂದಿನ ಸೂಟಿ ಮಾಡಿ ಮತ್ತ ಮಗ್ಗಕ್ಕ ಕುಂತಾಗ. ನಾವ್ಯಾರೂ ಲಕ್ಷ್ಯ ಕೊಡಲಿಲ್ಲ, ಓಣ್ಯಾಗ ಎಲ್ಲಾರೂ ಕೆಮ್ಮತಾರ. ಬರಬರತ ವಾರಪೂರ್ತಿ ಆತು. ಕಡೀಕ ಮನುಷ್ಯಾಗ ಮಲಗಾಕ ಬರದಂಗಾತು. ಬೆನ್ನು ಗ್ವಾಡಿಗೆ ಹಚ್ಚಿ, ಮಡಲಾಗ ತಲಿದಿಂಬ ಇಟಗೊಂಡು, ಕುಂತಲ್ಲೇ ನಿದ್ದಿ. ನಮ್ಮದು ಕುಣಿ ಮಗ್ಗ, ಕಾಲು ಇಳಿಬಿಡಾಕ ನೆಲದಾಗ ತಗ್ಗು ಇರ್ತೈತಿ, ಅದರಾಗ ಇಳದ್ರ ಏರಾಕ ನನ್ನ ಕೈ ಬೇಕು. ಬೂದಿ ಹಾಕಿದ ಒಂದು ಡಬ್ಬಿ ಬಾಜೂಕ, ಅದರಾಗ ಹಳದಿ ಕಫ. ಅದನ್ನ ಚೆಲ್ಲೂದೂ ನಾನ. ಡಬ್ಬಿ ಹಿಡಕೊಂಡು ಹಿತ್ತಲಕ್ಕ ಹೋಗೂ ಹಾದಿ ನನಗ ಹುಬ್ಬಳ್ಳಿಗೆ ಹೋದಷ್ಟು ದೂರ ಅನಸ್ತಿತ್ತು.

ಬಾಗಲಕೋಟಿಗೆ ಕರಕೊಂಡ ಹೋದೆ, ಎದಿ ಡಾಕ್ಟರ ಕಡೆ. ಫೋಟೋ ತಗಸಿದ್ರು, ಒಂದು ಮಶೀನಿನ್ಯಾಗ ಜೋರ್ ಊದಸಿದ್ರು. ಡಾಕ್ಟರ್ ಸಾಹೇಬ್ರು ಸಮಾಧಾನದ ಮನುಷ್ಯಾ. 'ಪುಪ್ಪುಸದಾಗ ಭಾಳ ವರ್ಷದ ಬಾವು ಐತ್ರಿ, ಉಸಿರಿನ ನಳಿಗಿ ಒಳಗಿಂದ ಬೀಗ್ಯಾವ' ಅಂದ್ರು. 'ಕೊಯ್ಯೂದು ಚುಚ್ಚೂದು ಏನೂ ಬ್ಯಾಡ. ಔಷಧ ಉಸಿರಿನ ಜೋಡಿ ಒಳಗ ಹೋಗಬೇಕು, ಅದಕ್ಕ ಪಂಪು ಕೊಡ್ತೇನಿ. ಎರಡು ತಿಂಗಳಾ ನೋಡೂನು. ಅದಕ್ಕೂ ಬಗ್ಗಲಿಲ್ಲ ಅಂದ್ರ ಗಂಟಲಾಗಿಂದ ಸಣ್ಣ ನಳಿಗಿ ಬಿಟ್ಟು, ಒಳಗಿನ ಒಂದು ತುಣುಕು ತಗದು ನೋಡಬೇಕಾಗ್ತೈತಿ.'

ನಳಿಗಿ ಅನ್ನೂದ ತಡಾ, ಇವರ ಮುಖಾ ಬೂದಿ ಆತು. ಇವರ ಅಣ್ಣನ್ನ ಕೊರೋನಾದಾಗ ದೊಡ್ಡ ದವಾಖಾನ್ಯಾಗ ಹಾಕಿದ್ವಿ. ಗಂಟಲಾಗ ನಳಿಗಿ ಇಟ್ಟಾರ ಅಂತ ಫೋನ್ ಬಂತು, ಆಮ್ಯಾಲ ಪ್ಲಾಸ್ಟಿಕ್ಕಿನ್ಯಾಗ ಸುತ್ತಿದ ಹೆಣಾ ಬಂತು. ಮುಖಾ ಸುದ್ದಾ ತೋರಿಸಲಿಲ್ಲ. ಡಾಕ್ಟರ್ ಇದು ಬ್ಯಾರೆ ನಳಿಗಿ, ಅರ್ಧಾ ತಾಸಿನ ಕೆಲಸಾ ಅಂತ ಎಷ್ಟು ತಿಳಿಸಿ ಹೇಳಿದ್ರೂ ಇವರ ಕಿವಿಗೆ ಬೀಳಲಿಲ್ಲ. ಹೊರಗ ಬಂದು ಕಟ್ಟಿ ಮ್ಯಾಲ ಕುಂತು ಒಂದ ಮಾತು ಅಂದ್ರು. 'ರತ್ನಾ, ನಾ ಸಾಯ್ತೇನಿ ಹೊರತು ನಳಿಗಿ ಹಾಕಿಸ್ಕೊಳ್ಳೂದಿಲ್ಲ.' ಇವರು ಸುಮ್ಮ ಅನ್ನೂ ಪೈಕಿ ಅಲ್ಲ. ಅಂದ್ರ ಮುಗೀತು.

ಹಂಗಾಗಿ ಎಲ್ಲಾ ಆ ಪಂಪಿನ ಮ್ಯಾಲ ನಿಂತಿತ್ತು. ಔಷಧ ಅಂಗಡ್ಯಾಗ ಗದ್ದಲ. ಅಂಗಡ್ಯಾವ ಒಂದ ಉಸಿರಿನ್ಯಾಗ ಹೇಳಿದ. ಗುಳಿಗಿ ಇದರಾಗ ಇಡ್ರಿ, ತಿರುವ್ರಿ, ಬಾಯಾಗ ಹಿಡದು ಎಳೀರಿ, ಆಮ್ಯಾಲ ಬಾಯಿ ಮುಕ್ಕಳಿಸಿ ಉಗುಳ್ರಿ, ಮುಂದಿನವರು ಬರ್ರಿ. ಇವರು ಅದನ್ನ ಕೈಯಾಗ ಹಿಡದು ತಿರುವಿ ನೋಡಿ ಅವತ್ತ ಮೊದಲನೇ ಸಲ ನಕ್ಕರು.

'ಎಳಿಯೂದು, ಉಗುಳೂದು. ಇದನ್ನ ನನಗ ಕಲಸಬೇಕೇನಲೇ?'

'ನಗಬ್ಯಾಡ್ರಿ' ಅಂದೆ.

'ನೋಡ, ಡಾಕ್ಟರ್ ಸುದ್ದಾ ಉಗುಳು ಅಂತಾರ. ನೀ ಒಬ್ಬಾಕಿನ ಬ್ಯಾಡಂತಿ.'

ದಿನಾ ಮುಂಜಾನಿ ಸಂಜಿ ಮಗ್ಗದ ಕುಣಿ ದಂಡಿ ಮ್ಯಾಲ ಕುಂತು ಪಂಪು ತಗೋತಿದ್ರು. ಅವರು ಅದನ್ನ ಬಾಯಿಗೆ ಹಚ್ಚೂದು ಕಂಡ್ರ ಸಾಕು, ಮುಂದಿಂದು ನನಗ ಗೊತ್ತು, ನಾ ಕಂಡಿಕಿ ಸುತ್ತೂ ರಾಟಿ ಬಿಟ್ಟು ಹಿತ್ತಲಕ್ಕ ಹೋಗಿ ನಿಲ್ತಿದ್ದೆ. ಬಾಂಡೆ ಸಪ್ಪಳಾ ಮಾಡ್ತಿದ್ದೆ, ಆ ಥೂ ಕೇಳಬಾರದಂತ. ಆಗ ಮಗ್ಗದ ಮ್ಯಾಲ ಹಸರ ಸೀರಿ ಇತ್ತು, ದಿನಕ್ಕ ಗೇಣು ಅರ್ಧಾ ಗೇಣು ನೇಯತಿದ್ರು. ಗ್ವಾಡಿ ಮ್ಯಾಲ ಹಸರದ ಜೋಡಿ ಬಿಳಿ ಕಲಿನೂ ಬೀಳಾಕ ಹತ್ತಿದ್ವು. ಗಂಜಿ ಇರಬೇಕು ಅಂದ್ಕೊಂಡೆ. ಯಾವ ಗಂಜಿ, ಎಲ್ಲಿಂದು ಅಂತ ವಿಚಾರ ಮಾಡ್ಕೋತ ಯಾರ್ ಕುಂಡ್ರತಾರ ಆ ಹೊಲಸಿನ ಮುಂದ. ಮುಖಾ ಹೊಳ್ಳಿಸಿ ತಿಕ್ಕಿ ಹಾಕಿದೆ.

ತಿಂಗಳಾದ್ರೂ ಏನೂ ಫರಕ್ ಆಗಲಿಲ್ಲ. ಆವಾಗ ಓಣಿ ಎದ್ದು ನಿಂತಿತು. ಜಡ್ಡಿನ ಮನಿಗೆ ಬರೂ ಮಂದಿ ಬರಿಗೈಲೆ ಬರೂದಿಲ್ಲ, ಒಂದೊಂದು ಔಷಧ ತರ್ತಾರ. ಬಾಜೂ ಮನಿ ಬೋರವ್ವ ಕತ್ತಿ ಹಾಲಿನಾಕೀನ್ನ ಕರಕೊಂಡ ಬಂದ್ಳು. ಆಕಿ ನಮ್ಮ ಬಾಗಿಲ ಮುಂದ ಉದ್ದ ಕಿವಿ ಕತ್ತಿ ನಿಲ್ಲಿಸಿ, ಅದರ ಹೊಟ್ಟಿ ಕೆಳಗ ಕುಂತು, ಸೀಸೆ ಮುಚ್ಚಳದಾಗ ಹಾಲು ಹಿಂಡಿದಳು. ಮುಚ್ಚಳದ ಅಂಚಿಗೆ ಹಿಂದಿನ ಮನಿ ಹಾಲು ಒಣಗಿ ಹಳದಿ ಹತ್ತಿತ್ತು. ಬ್ಯಾರೆ ವಾಟೆ ಕೊಡ್ತೇನಿ ತಡಿ ಅಂದ್ರ, ಬಿಸಿ ಆರತೈತಿ ಅಂತ ಬೋರವ್ವ ನನ್ನ ಕೈ ಹಿಡದು ನಿಂತಳು. ಇವರು ಕಣ್ಣ ಮುಚ್ಚಿ ಕುಡದ್ರು. ಕತ್ತಿ ಅಲ್ಲೇ ಲದ್ದಿ ಹಾಕಿತು, ಅದನ್ನೂ ನಾನ ಬಳದೆ. ಕೆಮ್ಮು ಇದ್ದಲ್ಲೇ ಇತ್ತು. 'ಒಂದ ಸಲಕ್ಕ ಎಲ್ಲಿ ಹೋಗ್ತೈತವಾ' ಅಂದ್ಳು ಬೋರವ್ವ. ಆಕಿ ಮನಸ್ಸು ಚಲೋದ ಐತಿ, ಅದ ನನಗ ಇನ್ನಷ್ಟು ಸಿಟ್ಟು ಬರಸ್ತಿತ್ತು. ಕೆಟ್ಟವರಿದ್ರ ಬೈದು ಕಳಸಬಹುದು.

ಕೆಟ್ಟದ್ದು ನಮ್ಮ ಮನಿಯಾಗಿಂದನ ಬಂತು. ನನ್ನ ತಮ್ಮ ರಾಜೇಶ, ಬದಾಮ್ಯಾಗ ಇರ್ತಾನ. ಒಂದು ಕಾಲಕ್ಕ ನೀರಿನ ಮಶೀನ್ ಮಾರತಿದ್ದ, ಆಮ್ಯಾಲ ವಿಮಾ ಮಾಡಸ್ತಿದ್ದ, ಈಗ ಬಿಳಿ ಅಂಗಿ ಮ್ಯಾಲ ಬಿಲ್ಲೆ ಹಚಗೊಂಡು 'ಆರೋಗ್ಯ ಸಲಹೆಗಾರ' ಆಗ್ಯಾನ. ಅವ ಬಂದು ಭಾವನ ಮುಂದ ಕುಂತು, ಕೈ ಹಿಡದು, ದನಿ ಸಣ್ಣದು ಮಾಡಿ ಮಾತಾಡಿದ.

'ಮಾಮಾ, ಹುನಗುಂದದಾಗ ನಮ್ಮ ಶಿಬಿರ ಐತಿ. ಕೊಯ್ಯೂದಿಲ್ಲ, ಚುಚ್ಚೂದಿಲ್ಲ, ನಳಿಗಿ ಇಲ್ಲ. ಪುಪ್ಪುಸದ ಹೊಲಸು ಪಾದದಾಗಿಂದ ತಗೀತಾರ.'

'ಪುಪ್ಪುಸದ್ದು ಪಾದದಾಗ ಹೆಂಗ ಬರ್ತೈತೋ?' ಅಂದೆ ನಾ.

'ಅಕ್ಕಾ, ನಿನಗ ತಿಳಿಯೂದಿಲ್ಲ, ಅದು ವಿಜ್ಞಾನ.'

ಇವರು ಮಾತ್ರ 'ನಳಿಗಿ ಇಲ್ಲ' ಅನ್ನೂದೊಂದ ಕೇಳಿದ್ರು. ಮರುದಿನಾ ಮುಂಜಾನಿ ಹೊಸ ಧೋತರಾ ಉಟಗೊಂಡು ತಯಾರಾಗಿ ಕುಂತಿದ್ರು. ಲಗ್ನಕ್ಕ ಹೊಂಟವರಂಗ ಕಾಣತಿದ್ರು.

ಹುನಗುಂದದಾಗ ಒಂದು ಕಲ್ಯಾಣ ಮಂಟಪ. ಬಾಗಿಲಿಗೆ ಬ್ಯಾನರ್. ಒಳಗ ಕಾಲಿಡೂದಕ್ಕ ಕರ್ಪೂರದ ಘಾಟು, ಅದರ ಬುಡಕ ಬೆವರು, ಕಫ, ಹಳೇ ಚಾದರ ವಾಸನಿ. ಖುರ್ಚಿ ಸಾಲಾಗಿ ಕೆಮ್ಮೂ ಮಂದಿ ಕುಂತಿದ್ರು. ಮರೋಳದ ರೈತರು, ಕಲ್ಲಿನ ಖಣಿಯಾಗ ದುಡದು ಬಿಟ್ಟವರು, ನಮ್ಮಂಥಾ ನೇಕಾರ್ರು. ಎಲ್ಲಾರ ಕಣ್ಣಾಗೂ ಒಂದ ಆಶಾ. ಮುಂದ ಮೇಜಿನ ಮ್ಯಾಲ ಹಬಿ ಬಿಡೂ ಒಂದು ಡಬ್ಬಿ, ಅದಕ್ಕೊಂದು ಪೈಪು, ಪೈಪಿನ ತುದಿಗೆ ಬಾಯಾಗ ಹಿಡಿಯೂ ಪ್ಲಾಸ್ಟಿಕ್ ಮೂತಿ. ಅಷ್ಟೂ ಮಂದಿಗೆ ಆ ಒಂದ ಮೂತಿ. ಒಬ್ಬರ ಬಾಯಾಗಿಂದ ತಗದು, ಒಂದು ತೊಯ್ದ ಟವೆಲ್ಲಿಂದ ಒರಸಿ, ಇನ್ನೊಬ್ಬರ ಬಾಯಾಗ ಇಡತಿದ್ರು. ಟವೆಲ್ಲೂ ಒಂದ. ಇವರ ಮುಂದ ಒಬ್ಬ ಮುದುಕ ಇದ್ದ, ಅವನ ಬಾಯಿಂದ ಮೂತಿ ತಗದಾಗ ಜೊಲ್ಲು ಎಳಿ ಆಗಿ ಅವನ ಗದ್ದದ ತನಕಾ ಬಂತು. ನಾ ಇವರ ತೋಳು ಗಟ್ಟೆ ಹಿಡದೆ.

'ಬ್ಯಾಡ್ರಿ, ನಡೀರಿ ಹೋಗೂನು.'

ಇವರು ನನ್ನ ಕೈ ಬಿಡಿಸ್ಕೊಂಡು ಮೂತಿ ಬಾಯಾಗ ಹಿಡದ್ರು. ಅದೂ ಎಷ್ಟು ಆಸೇಲೆ. ನನ್ನ ಗಂಡಗ ಯಾರದೋ ಜೊಲ್ಲು ನಡೀತೈತಿ, ಡಾಕ್ಟರ್ ಹೇಳಿದ್ದು ನಡಿಯೂದಿಲ್ಲ ಅಂತ ನನಗ ಮೈ ಉರೀತು. ಆ ಮ್ಯಾಲ ಪಾದದ ಕೆಲಸಾ. ನೀರು ತುಂಬಿದ ಪ್ಲಾಸ್ಟಿಕ್ ಬುಟ್ಟಿ, ಅದರಾಗ ವೈರ್ ಹಚ್ಚಿದ ಕಬ್ಬಿಣದ ಒಂದು ತುಂಡು. ಇವರ ಕಾಲು ಅದರಾಗ ಇಡಿಸಿ ಬಟನ್ ಒತ್ತಿದ್ರು. ನೋಡ್ ನೋಡತ ನೀರು ಕಂದಾತು, ಮ್ಯಾಲ ಬುರುಗು ಬಂತು, ಬುರುಗಿನ್ಯಾಗ ಚೂರುಚೂರು ಏನೋ ತೇಲಾಕ ಹತ್ತಿತು. 'ಸರ್' ಅಂತ ಎಲ್ಲಾರೂ ಕರೀತಿದ್ದ ಒಬ್ಬಾಂವ ಬಂದು, ಆ ನೀರಿನ್ಯಾಗ ಚಮಚಾ ತಿರುವಿ ತೋರಿಸಿದ.

'ನೋಡ್ರಿ ಯಜಮಾನ್ರ, ಇದು ನಿಮ್ಮ ಇಡೀ ಜೀವಮಾನದ ಹತ್ತಿ ಧೂಳಾ. ಇದು ಕಫ. ಈ ಕರಿದು ಐತೆಲ್ಲಾ, ಅದು ಬಣ್ಣ.'

ಮಂದಿ ಬಗ್ಗಿ ಬಗ್ಗಿ ನೋಡಿದ್ರು. ಒಬ್ಬಾಕಿ ಫೋಟೋ ಹೊಡಕೊಂಡ್ಳು. ನಾ ಓಡಿ ಹೋಗಿ ಹೊರಗ ನಳದ ಬಾಜೂಕ ಎಲ್ಲಾ ಕಾರಿದೆ.

ಬಾಯಿ ತೊಳಕೊಂಡು ಹೊಳ್ಳಿ ಬಂದಾಗ ಇವರ ಬಾಜೂಕ ಮುಂದಿನ ಬುಟ್ಟಿ ತಯಾರಾಗಿತ್ತು. ಅದರ ಖುರ್ಚಿಯಾಗ ಕುಂಡ್ರಬೇಕಾದ ಮನುಷ್ಯಾ ಇನ್ನೂ ದೂರ ನಿಂತು ಧೋತರಾ ಮ್ಯಾಲ ಕಟಗೊಳ್ಳಾಕ ಹತ್ತಿದ್ದ. ಕೆಲಸದಾಕಿ ಅವಸರದಾಗ ಬಟನ್ ಮೊದಲ ಒತ್ತಿಬಿಟ್ಟಿದ್ದಳು. ಬುಟ್ಟ್ಯಾಗ ಯಾರ ಕಾಲೂ ಇರಲಿಲ್ಲ. ನೀರು ಮಾತ್ರ ಕಂದಾಗಾಕ ಹತ್ತಿತ್ತು, ಅದ ಬುರುಗು, ಅದ ಚೂರು.

ರಾಜೇಶನ್ನ ಕರದೆ. ಬುಟ್ಟಿ ತೋರಿಸಿದೆ.

'ಇದು ಯಾರ ಪುಪ್ಪುಸದ್ದೋ?'

ಅವ ಬುಟ್ಟಿ ನೋಡಲಿಲ್ಲ, ಆಜೂಬಾಜೂ ನೋಡಿದ. 'ಅಕ್ಕಾ, ಮೆಲ್ಲಕ ಮಾತಾಡ' ಅಂದ.

ಆವಾಗ ತಿಳೀತು, ಅವಗ ಮೊದಲ ಗೊತ್ತಿತ್ತು ಅಂತ. ಗೊತ್ತಿದ್ದೂ ಭಾವನ ಕೈ ಹಿಡದು ದನಿ ಸಣ್ಣದು ಮಾಡಿ ಕರದಿದ್ದ. ನಾ ಜೀವನದಾಗ ಗ್ವಾಡಿ ತೊಳದೀನಿ, ಡಬ್ಬಿ ಚೆಲ್ಲೀನಿ, ಕತ್ತಿ ಲದ್ದಿ ಬಳದೀನಿ. ಅವತ್ತ ನನ್ನ ತಮ್ಮನ ಮುಖಾ ನೋಡಿದಾಗ ಬಂದಷ್ಟು ಹೇಸಿಕಿ ಎಂದೂ ಬಂದಿಲ್ಲ. ಇದನ್ನ ಅವಗ ಅಲ್ಲೇ ಹೇಳಿದೆ, ಮೆಲ್ಲಕಲ್ಲ. ಆ ಮುದುಕ ಸುದ್ದಾ ತಿರುಗಿ ನೋಡಿದ. ಆದ್ರ ಸಾಲಿನ್ಯಾಗ ಕುಂತವರು ಒಬ್ಬರೂ ಏಳಲಿಲ್ಲ.

ಇಳಕಲ್ ಬಸ್ಸಿನ್ಯಾಗ ಕಿಡಕಿ ಬಾಜೂಕ ಇವರನ್ನ ಕುಂಡ್ರಿಸಿದೆ. ಇವರ ಎದಿಯಾಗ ಸೀಟಿ ಹೊಡದಂಗ ಸಪ್ಪಳಾ ಬರ್ತಿತ್ತು, ಮುಂದಿನ ಸೀಟಿನಾವ ಎರಡು ಸಲ ಹೊಳ್ಳಿ ನೋಡಿದ.

'ಖಾಲಿ ಬುಟ್ಟಿ ನಾನೂ ನೋಡೀನಿ' ಅಂದ್ರು ಇವರು.

'ನೋಡೀರಿ? ಮತ್ತ ಯಾಕ ಸುಮ್ಮ ಕುಂತ್ರಿ?'

'ಇನ್ನೊಮ್ಮೆ ಬಾ ಅಂದ್ರೂ ಹೋಗ್ತೇನಿ. ಅಲ್ಲಿ ನಳಿಗಿ ಇಲ್ಲ.' ಕಿಡಕಿ ಹೊರಗ ನೋಡ್ಕೋತನ ಹೇಳಿದ್ರು. 'ರತ್ನಾ, ಅಣ್ಣ ಕಡೀಕ ಏನರ ಹೇಳಬೇಕು ಅಂದ್ಕೊಂಡಿದ್ನೋ ಏನೋ. ಬಾಯಾಗ ನಳಿಗಿ ಇತ್ತು, ಹೆಂಗ ಹೇಳಾಂವ. ನಂಗ ಹಂಗ ಸಾಯೂದು ಬ್ಯಾಡ.'

ನನ್ನ ಸಿಟ್ಟೆಲ್ಲಾ ಎಲ್ಲಿ ಹೋತೋ. ಈ ಮನುಷ್ಯಾ ಸಾಯಬಾರದು ಅನ್ನೂದೊಂದ ಉಳೀತು. ಇವರ ಕೈ ನನ್ನ ಮಡಲಾಗ ಇಟಗೊಂಡೆ, ಊರು ಬರೂ ತನಕಾ ಬಿಡಲಿಲ್ಲ.

ಎರಡು ತಿಂಗಳಾ ತುಂಬಿದಾಗ ಮತ್ತ ಬಾಗಲಕೋಟಿ. ಊದೂ ಮಶೀನಿನ್ಯಾಗ ಹಿಂದಿನಕಿಂತ ಕಡಿಮಿ ಬಂತು. ಡಾಕ್ಟರ್ ಹಾಳಿ ನೋಡಿದ್ರು, ಇವರ ಎದಿಗೆ ಇನ್ನೊಮ್ಮೆ ಸ್ಟೆತಾಸ್ಕೋಪ್ ಹಚ್ಚಿ ಕೇಳಿದ್ರು. 'ಪಂಪು ದಿನಾ ತಗೊಂಡ್ರೇನ್ರಿ?' ಒಂದಿನ ಬಿಟ್ಟಿಲ್ರಿ ಅಂದ್ರು ಇವರು, ಖರೇನ ಬಿಟ್ಟಿರಲಿಲ್ಲ. 'ಹಂಗಾದ್ರ ಔಷಧಕ್ಕ ಬಗ್ಗವಲ್ದು. ಮುಂದಿನ ವಾರ ತುಣುಕು ತಗದು ನೋಡೂನು' ಅಂತ ಬರದ್ರು. ಇವರು ಎದ್ದು ಚಪ್ಪಲಿ ಹುಡುಕಾಕ ಹತ್ತಿದ್ರು. ಆ ಚಪ್ಪಲಿ ಹುಡುಕೂದು ನೋಡೇ ನನಗ, ಇವರು ಮತ್ತ ಈ ದವಾಖಾನಿ ಮೆಟ್ಟಲಾ ಏರೂದಿಲ್ಲ ಅಂತ ತಿಳೀತು.

ಬಾಜೂ ಖೋಲ್ಯಾಗ ಉಸಿರಾಟದ ವ್ಯಾಯಾಮ ಕಲಸೂ ಹುಡುಗಿ ಇದ್ದಳು, ಸಾಜಿಯಾ ಅಂತ. ಡಾಕ್ಟರ್ ಆಕಿ ಕಡೆ ಒಮ್ಮೆ ಹೋಗಿ ಬರ್ರಿ ಅಂದಿದ್ರು. ಇವರು ಒಲ್ಲೆ ಅಂದ್ರು, ನಾ ರಟ್ಟಿ ಹಿಡದು ಒಯ್ದೆ.

'ಬರ್ರಿ ಕಾಕಾ, ಕುಂಡ್ರಿ. ಪಂಪು ತಂದೀರೇನು? ಹೆಂಗ ತಗೋತೀರಿ, ನನ್ನ ಮುಂದ ಒಂದ್ಸಲ ತಗೊಂಡು ತೋರಿಸ್ರಿ.'

ಇವರು ಕಿಸೆದಾಗಿಂದ ತಗದ್ರು. ಗುಳಿಗಿ ಹಾಕಿದ್ರು, ತಿರುವಿದ್ರು, ಬಾಯಿಗೆ ಹಚ್ಚಿದ್ರು. ರೂಢಿ ಪ್ರಕಾರ ನಾ ಏಳಾಕ ಹೋದೆ. ಖೋಲಿ ಸಣ್ಣದು, ಸಾಜಿಯಾ ಬಾಗಿಲಿಗೆ ಅಡ್ಡ ಕುಂತಿದ್ದಳು, ಹೋಗಾಕ ಹಾದಿ ಇರಲಿಲ್ಲ. ಎರಡು ತಿಂಗಳದಾಗ ಮೊದಲನೇ ಸಲ ನೋಡಿದೆ.

ಗಲ್ಲ ಎರಡೂ ಒಳಗ ಹೋದ್ವು. ಸುರ್ ಅಂತು. ಎದಿ ಅಲುಗಾಡಲಿಲ್ಲ. ಮರುಕ್ಷಣದಾಗ ಕರವಸ್ತ್ರ ಬಾಯಿಗೆ ಬಂತು. ಥೂ.

ಸಾಜಿಯಾ ಕೈ ಚಾಚಿ ಆ ಕರವಸ್ತ್ರ ಇಸಕೊಂಡ್ಳು, ಮುಖಾ ಗಂಟು ಹಾಕಲಿಲ್ಲ, ಬಿಚ್ಚಿ ನನಗ ತೋರಿಸಿದಳು. ಉಗುಳಿನ ನಡುವ ಗುಳಿಗಿ ಒಳಗಿನ ಬಿಳಿ ಪುಡಿ.

'ಕಾಕಾ, ನಿಮ್ಮ ಔಷಧ ಇಲ್ಲೈತಿ ನೋಡ್ರಿ. ಪುಪ್ಪುಸಕ್ಕ ಒಂದ ಕಣನೂ ಹೋಗಿಲ್ಲ.' ಇವರಿಗೆ ತಿಳೀಲಿಲ್ಲ. ಎಳಿ ಅಂದ್ರು ಎಳದೆ, ಉಗುಳು ಅಂದ್ರು ಉಗುಳಿದೆ ಅಂದ್ರು. ಆಕಿ ಎಳಿಯೂದು ಅಂದ್ರ ಎದಿ ತುಂಬ ಉಸಿರು ತಗೊಳ್ಳೂದು, ತಗೊಂಡು ಹತ್ತು ಎಣಸೂ ತನಕಾ ಒಳಗ ಹಿಡಿಯೂದು, ಬಿಟ್ಟ ಮ್ಯಾಲ ನೀರು ಮುಕ್ಕಳಿಸಿ ಉಗುಳೂದು ಅಂತ ತಿಳಿಸಿ ಹೇಳಿದಳು. ಆ ಮ್ಯಾಲ ನನ್ನ ಕಡೆ ತಿರುಗಿದಳು.

'ಅಮ್ಮಾರ, ಮನ್ಯಾಗ ಯಾರೂ ನೋಡಿಲ್ಲೇನ್ರಿ?'

ಗ್ವಾಡಿ ಮ್ಯಾಲ ಬಿಳಿ ಕಲಿ ಕಣ್ಣಿಗೆ ಬಂತು. ಹಸರ ಸೀರಿ ನೇಯೂ ಮನುಷ್ಯಾ ಬಿಳಿ ಉಗುಳತಿದ್ದ, ನಾ ಮುಖಾ ಹೊಳ್ಳಿಸಿ ಗಂಡನ ಔಷಧಾನ ನಾರು ಹಚ್ಚಿ ತಿಕ್ಕಿ ತಿಕ್ಕಿ ಗಟಾರಕ್ಕ ಬಿಟ್ಟಿದ್ದೆ. ಜಗತ್ತಿನ ಮ್ಯಾಲ ಹೇಸಿಕಿ ಪಟಗೊಂಡು ತಿರುಗಾಕಿ ನಾ. ಅವತ್ತ ಅಷ್ಟೂ ಹೇಸಿಕಿ ನನ್ನ ಮ್ಯಾಲ ಬಂದು ಬಿತ್ತು. 'ನಾ ನೋಡಿಲ್ಲವಾ' ಅಂದೆ. ಆ ಹುಡುಗಿ ಒಂದ ಮಾತು ಬೈಯಲಿಲ್ಲ.

ಸಾಜಿಯಾ ಹೋಗಿ ಡಾಕ್ಟರಿಗೆ ಹೇಳಿದಳು. ಅವರು ಹಣಿ ಹಣಿ ಬಡಕೊಂಡ್ರು. ನಳಿಗಿ ವಿಚಾರ ಒಂದೂವರೆ ತಿಂಗಳಾ ಮುಂದ ಹಾಕಿದ್ರು. ಹಳೇ ಗಾಯ ಹೋಗೂದಿಲ್ಲ, ಬಾವು ಮಾತ್ರ ಇಳಿಬಹುದು, ಇಳಿಯದನೂ ಇರಬಹುದು ಅಂತ ಖಡಾಖಡಿ ಹೇಳಿದ್ರು. ಲಾಳಿಗೆ ಬಾಯಿ ಹಚ್ಚೂದು ಬಂದ್, ಬಾಯಿಗೆ ಹಸಿ ಅರಿವಿ ಕಟಗೊಂಡ ಕುಂಡ್ರಬೇಕು, ಕುಣಿಯಾಗ ಒಣಾ ಕಸಬರಿಗಿ ಆಡಿಸಬಾರದು. ಇವರು ಎಲ್ಲಾದಕ್ಕೂ ಹೂಂ ಅಂದ್ರು. ಬರೂವಾಗ ಕೊಕ್ಕಿ ತಗೊಂಡ ಬಂದ್ವಿ, ಸಣ್ಣ ಹುಡುಗ್ರದು.

ಆದ್ರ ಬಾಯಿಗೆ ಯಾರ್ ಹೇಳಬೇಕು. ಮನಿಗೆ ಬಂದು ಮೊದಲ ಸಲ ಪಂಪು ತಗೊಂಡ್ರು, ಎದಿ ತುಂಬ ಎಳದ್ರು, ಚಲೋನ ಎಳದ್ರು. ಹಿಡಿಯೂ ಹೊತ್ತಿಗೆ ಥೂ. ಎರಡನೇ ದಿನಾನೂ ಅದ. ಮೂರನೇದಕ್ಕ ಪಂಪು ಒಗದುಬಿಟ್ರು.

'ನಾ ಉಗುಳಬಾರದು ಅಂತನ ಮಾಡ್ತೇನಿ ರತ್ನಾ, ಬಾಯಿನ ಕೇಳೂದಿಲ್ಲ. ಎಳದ ಕೂಡ್ಲೆ ತಾನ ಬರ್ತೈತಿ.' ಕಣ್ಣಾಗ ನೀರು ಬಂದಿದ್ವು. 'ಬಿಡು, ಆಗೂದಿಲ್ಲ ನನ್ನ ಕಡೀಂದ. ನಳಿಗಿನ ಬರದೈತಿ.'

ನಾ ಕಂಡಿಕಿ ಸುತ್ತಾಕ ಹತ್ತಿದ್ದೆ. ರಾಟಿ ನಿಲ್ಲಿಸಿ ಎದ್ದು ಪಂಪು ಆರಿಸ್ಕೊಂಡು, ಒರಸಿ, ಹೊಸ ಗುಳಿಗಿ ಹಾಕಿ ಕೈಯಾಗ ಕೊಟ್ಟೆ. ಕುಣಿ ದಂಡಿ ಮ್ಯಾಲ ಇವರ ಮುಂದ ಕುಂತೆ, ಮಣಕಾಲಿಗೆ ಮಣಕಾಲು ಹತ್ತೂವಂಗ.

'ಎಳೀರಿ' ಅಂದೆ.

ಎಳದ್ರು. ಪಂಪು ಬಾಯಿಂದ ತಗಿಯೂದ ತಡಾ, ನನ್ನ ಅಂಗೈ ಇವರ ಬಾಯಿ ಮ್ಯಾಲ ಒತ್ತಿ ಹಿಡದೆ. ಇವರ ಕಣ್ಣು ಅಗಲ ಆದ್ವು. ಎದಿ ಒಮ್ಮೆ ಜಗ್ಗಿತು, ಥೂ ಅಂದ್ರು. ನನ್ನ ಅಂಗೈ ತುಂಬ ಬಿಸಿಬಿಸಿ ಹಸಿ. ಬೆರಳ ಸಂದಿಯಾಗಿಂದ ಇಳದು ಬಳಿ ತನಕಾ ಬಂತು. ಕೈ ತಗಿ ತಗಿ ಅಂತ ಮೈಯೆಲ್ಲಾ ಹೇಳತಿತ್ತು. ಇವರು ತಲಿ ಹಿಂದ ಸರಿಸಾಕ ನೋಡಿದ್ರು, ನಾಚಿಕಿ ಪಟಗೊಂಡು. ನಾ ಇನ್ನೊಂದು ಕೈ ಇವರ ಹಿಂದಲಿಗೆ ಹಾಕಿ ಹಿಡದೆ, ಬಿಡಲಿಲ್ಲ. ಬಾಯಿಲೆ ಎಣಿಸಿದೆ. ಹತ್ತಾದ ಮ್ಯಾಲ ಕೈ ತಗದು ಸೆರಗಿಗೆ ಒರಸ್ಕೊಂಡೆ, ಹಿತ್ತಲಕ್ಕ ಹೋಗಲಿಲ್ಲ.

'ನಿನಗ ಇದು ಆಗೂದಿಲ್ಲಲಾ' ಅಂದ್ರು ಇವರು, ಸಣ್ಣ ದನೀಲೆ.

'ಆಗೂದಿಲ್ಲ. ಸಂಜಿಗೆ ಮತ್ತ ಕುಂಡ್ರೂನು.'

ಸಂಜಿಗೂ ಹಂಗ. ಮರುದಿನಾನೂ ಹಂಗ. ಬೋರವ್ವ ಒಮ್ಮೆ ಇಣಿಕಿ ನೋಡಿ, ಏನ ಗಂಡನ ಬಾಯಿ ಮುಚ್ಚಿ ಕುಂತಿಯಲ್ಲವಾ ಅಂತ ನಕ್ಕೊಂಡು ಹೋದಳು. ದಿನಾ ಕಳದಂಗ ಅಂಗೈಯಾಗ ಬೀಳೂದು ಕಡಿಮಿ ಆಗ್ಕೋತ ಬಂತು. ಇವರು ಎಳಿಯೂವಾಗ ಎದಿ ಏರೂದು ನನಗ ಮಣಕಾಲಿಗೆ ಗೊತ್ತಾಗಾಕ ಹತ್ತಿತು. ಎದಿಯಾಗಿನ ಸೀಟಿ ನಿಂತಿಲ್ಲ, ತಗ್ಗೈತಿ. ಮೊನ್ನೆ ತಲಿದಿಂಬ ಮಡಲಾಗಿಂದ ತಗದು ತಲಿ ಬುಡಕ ಇಟಗೊಂಡ್ರು. ಡಾಕ್ಟರ ಕಡೆ ಹೋಗೂದು ಇನ್ನೂ ಐತಿ. ಅವರು ಏನಂತಾರೋ ನನಗ ಗೊತ್ತಿಲ್ಲ, ದೇವರಾಣಿ ಗೊತ್ತಿಲ್ಲ.

ಇವತ್ತ ಮುಂಜಾನಿ ಕುಂತಿದ್ವಿ. ಎಳದ್ರು. ಅಂಗೈ ಮುಚ್ಚಿದೆ. ಇವರು ನನ್ನ ಮುಖಾ ನೋಡ್ಕೋತ ಕುಂತ್ರು, ನಾ ಇವರದು ನೋಡ್ಕೋತ ಎಣಿಸಿದೆ. ಕೈ ತಗದು ಬೆಳಕಿಗೆ ಹಿಡದು ನೋಡಿದೆ. ಅಂಗೈ ಒಣಾ ಇತ್ತು.

ತಂಬಿಗಿ ಕೊಟ್ಟೆ. ಇವರು ನೀರು ಬಾಯಾಗ ತುಂಬಕೊಂಡು, ಮುಕ್ಕಳಿಸಿ, ಗ್ವಾಡಿ ಕಡೆ ತಿರುಗಿದವರು ಹಂಗ ತಡದು ನನ್ನ ನೋಡಿದ್ರು. ಬಾಯಿ ತುಂಬಿತ್ತು, ಕಣ್ಣಲೆ ಕೇಳಿದ್ರು.

'ಉಗುಳ್ರಿ' ಅಂದೆ. ಮುಖಾ ಹೊಳ್ಳಿಸಲಿಲ್ಲ.